ಕೊಟ್ಟೆ, ಬಂತು

ಚಾದರದ ಎರಡು ತುದಿ ಅಕ್ಕನ ಕೈಯಲ್ಲಿ, ಎರಡು ತುದಿ ತಂಗಿಯ ಕೈಯಲ್ಲಿ. ಇಬ್ಬರೂ ಒಂದೊಂದು ಹೆಜ್ಜೆ ಹಿಂದೆ ಸರಿದು ಜಗ್ಗಿದರು. ಬಟ್ಟೆ ಪಟ್ಟೆಂದು ಬಿಗಿಯಾಯಿತು. ಉದ್ದಕ್ಕೆ ಮಡಿಸಿದರು, ಮತ್ತೆ ಜಗ್ಗಿದರು, ಆಮೇಲೆ ಎದುರುಬದುರಾಗಿ ನಡೆದು ಬಂದರು. ತಂಗಿ ತನ್ನ ತುದಿಗಳನ್ನು ಅಕ್ಕನ ಬೆರಳಿಗೆ ಒಪ್ಪಿಸಿದಳು, ಬಗ್ಗಿ ಕೆಳಗೆ ಜೋತ ಮಡಿಕೆಯನ್ನು ಹಿಡಿದಳು, ಮತ್ತೆ ಹಿಂದಕ್ಕೆ ಹೋದಳು. ಹೀಗೆ ಒಂದಾದ ಮೇಲೊಂದು. ಆಸ್ಪತ್ರೆಯ ಚಾದರಗಳು ಉದ್ದ, ಒಬ್ಬರಿಂದ ಮಡಿಸಲು ಆಗುವುದಿಲ್ಲ. ಆಗುವಂತಿದ್ದರೆ ಅಕ್ಕ ಒಬ್ಬಳೇ ಮಡಿಸುತ್ತಿದ್ದಳು.

ಬೆರಳಿಗೆ ಬೆರಳು ತಾಗುವಾಗಲೂ ಮಾತಿಲ್ಲ. ಅಕ್ಕನ ಕಣ್ಣು ಚಾದರದ ಅಂಚಿನ ಮೇಲೆ, ತಂಗಿಯ ಕಣ್ಣು ಅಕ್ಕನ ಸೊಂಟದ ಮೇಲೆ. ಅಲ್ಲಿ ಹಳೇ ಚಾದರ ಹರಿದು ಮಾಡಿದ ಒಂದು ಪಟ್ಟಿ ಕಟ್ಟಿತ್ತು. ಪಟ್ಟಿಯ ಇನ್ನೊಂದು ತುದಿಗೆ ಪಾಪು. ಆಗಷ್ಟೇ ನಡೆಯಲು ಕಲಿತ ಹೆಣ್ಣುಕೂಸು. ಅಮ್ಮ ಹಿಂದೆ ಸರಿದರೆ ಹಿಂದಕ್ಕೆ, ಮುಂದೆ ಬಂದರೆ ಮುಂದಕ್ಕೆ, ಕಟ್ಟಿದ ಕರುವಿನ ಹಾಗೆ ತೂರಾಡುತ್ತಿತ್ತು. ಒಮ್ಮೆ ಚಿಕ್ಕಮ್ಮನ ಕಡೆ ಕೈಚಾಚಿ ನಕ್ಕಿತು. ಅಕ್ಕ ಪಟ್ಟಿಯನ್ನು ಮೆಲ್ಲಗೆ ತನ್ನತ್ತ ಎಳೆದುಕೊಂಡಳು.

ಲಾಂಡ್ರಿ ಓಣಿಯಲ್ಲಿ ತಂಗಿಯನ್ನು ಎಲ್ಲರೂ ಕರೆಯುತ್ತಿದ್ದದ್ದು ಚಿಕ್ಕಿ ಎಂದು. ಅದು ಬಟಾಣಿಯಿಂದ ಬಂದ ಹೆಸರು. ಬಟಾಣಿ ಎಂದರೆ ಅಕ್ಕನ ಮೊದಲ ಮಗ. ಹುಟ್ಟಿದಾಗ ಉರುಟುರುಟಾಗಿದ್ದ ಎಂದು ಅವನಪ್ಪನೇ ಹಾಗೆ ಕರೆದಿದ್ದ. ಅವನಿಗೆ ಚಿಕ್ಕಮ್ಮ ಎನ್ನಲು ನಾಲಗೆ ಹೊರಳುತ್ತಿರಲಿಲ್ಲ, ಚಿಕ್ಕಿ ಎಂದ. ಬೆಳಗಿಂದ ಸಂಜೆತನಕ ಎಷ್ಟು ಸಲ ಕೂಗುತ್ತಿದ್ದನೆಂದರೆ, ಇಸ್ತ್ರಿ ಮೇಜಿನ ಅತ್ತೆಯಿಂದ ಹಿಡಿದು ಬಾಯ್ಲರಿಗೆ ಸೌದೆ ಹಾಕುವವನ ತನಕ ಎಲ್ಲರ ಬಾಯಿಗೂ ಅದೇ ಹತ್ತಿಬಿಟ್ಟಿತು. ಅವನು ಹೋದ ಮೇಲೆ ಆ ಹೆಸರನ್ನೂ ಯಾರೂ ಬಾಯಲ್ಲಿ ತರಲಿಲ್ಲ. ‘ಏ ಹುಡುಗಿ’ ಎಂದರು. ಕರೆಯದೆ ಕೈಸನ್ನೆ ಮಾಡಿದವರೂ ಇದ್ದರು.

ಬಟಾಣಿ ಹುಟ್ಟಿದಾಗ ಚಿಕ್ಕಿ ಶಾಲೆಗೆ ಹೋಗುತ್ತಿದ್ದಳು. ಅಕ್ಕನಿಗೆ ಕೈಗೂಸು, ಬಟ್ಟೆ ಒಗೆಯುವ ತೊಟ್ಟಿಯ ಕೆಲಸ ಬಿಡುವಂತಿಲ್ಲ. ಭಾವ ಗಾಡಿಯಲ್ಲಿ ಬಟ್ಟೆ ಮೂಟೆ ಸಾಗಿಸುವವನು, ಮನೆಯಲ್ಲಿ ನಿಲ್ಲುವಂತಿಲ್ಲ. ‘ಸ್ವಲ್ಪ ದಿನ ನೋಡ್ಕೋ, ಆಮೇಲೆ ಹೋಗುವಿಯಂತೆ’ ಎಂದರು. ಆ ಆಮೇಲೆ ಬರಲೇ ಇಲ್ಲ. ಚಿಕ್ಕಿಗೆ ಅದರ ಬೇಜಾರೂ ಇರಲಿಲ್ಲ. ತರಗತಿಯಲ್ಲಿ ಎದ್ದು ನಿಂತು ಉತ್ತರ ಹೇಳು ಎಂದರೆ ಬಾಯಿ ಒಣಗುತ್ತಿದ್ದ ಹುಡುಗಿ. ಬಟಾಣಿಯ ಮುಂದೆ ಮಾತ್ರ ಅವಳ ಮಾತಿಗೆ ತಡೆಯಿರಲಿಲ್ಲ. ಶಾಲೆಯ ಚೀಲ ಅವನ ತಲೆದಿಂಬಾಯಿತು.

ಓಣಿಯ ಹಿಂದಿನ ಅಂಗಳದಲ್ಲಿ ಸಾಲಾಗಿ ಸಿಮೆಂಟು ತೊಟ್ಟಿಗಳು. ಮೊದಲನೆಯದರಲ್ಲಿ ನೆನೆಹಾಕುವುದು, ಆಮೇಲೆ ಸೋಪು, ಆಮೇಲೆ ಜಾಲಿಸುವುದು. ಕೊನೆಯದು ನೀಲಿ ತೊಟ್ಟಿ. ಬಿಳಿ ಬಟ್ಟೆಗೆ ಹೊಳಪು ಬರಲೆಂದು ನೀಲಿ ಕಲಸಿದ ನೀರು ಅದರಲ್ಲಿ ಅಂಚಿನ ತನಕ ತುಂಬಿರುತ್ತಿತ್ತು. ಬಾಯ್ಲರಿನ ಚಿಮಣಿಯಿಂದ ಮಸಿ ಉದುರಿದರೆ ಅಷ್ಟೂ ಬಟ್ಟೆ ಚುಕ್ಕೆಚುಕ್ಕೆಯಾಗುತ್ತದೆ. ಹಾಗಾಗಿ ಆ ತೊಟ್ಟಿಯ ಮೇಲೆ ಒಂದು ಹಳೇ ಬಿಳಿ ಚಾದರ ಬಿಗಿಯಾಗಿ ಹಾಸಿ, ನಾಲ್ಕು ಮೂಲೆಗೆ ಇಟ್ಟಿಗೆ ಇಡುವುದು ಓಣಿಯ ಪದ್ಧತಿ. ಸುಕ್ಕಿಲ್ಲದ ಹಾಗೆ ಹಾಸುತ್ತಿದ್ದರು. ಸುಕ್ಕು ಬಿಡಿಸುವುದೇ ಕಸುಬಾದವರಿಗೆ ಸುಕ್ಕು ಕಂಡರೆ ಕೈ ಸುಮ್ಮನಿರುವುದಿಲ್ಲ.

ಇನ್ನೊಂದು ಪದ್ಧತಿಯೂ ಇತ್ತು. ಮೂಟೆಯನ್ನು ಗಾಡಿಗೆ ಎತ್ತಿ ಕೊಡುವವರು ‘ಕೊಟ್ಟೆ’ ಎನ್ನಬೇಕು, ಮೇಲೆ ನಿಂತು ಹಿಡಿಯುವವರು ‘ಬಂತು’ ಎನ್ನಬೇಕು. ಬಂತು ಅನ್ನುವ ತನಕ ಕೊಡುವವರು ಕೈ ಬಿಡುವಂತಿಲ್ಲ. ಹಿಂದೊಮ್ಮೆ ಒಂದು ಮೂಟೆ ಇಬ್ಬರ ನಡುವೆ ಮೋರಿಗೆ ಬಿದ್ದಿತ್ತಂತೆ. ಅವನು ಹಿಡಿದ ಅಂದ್ಕೊಂಡೆ ಎಂದು ಇವನು, ಇವನು ಹಿಡಿದೇ ಇದ್ದಾನೆ ಅಂದ್ಕೊಂಡೆ ಎಂದು ಅವನು. ಅವತ್ತಿನಿಂದ ಓಣಿಯಲ್ಲಿ ದಿನವೂ ಬೆಳಿಗ್ಗೆ ಭಾವನ ದನಿ ಗಂಟೆ ಹೊಡೆದ ಹಾಗೆ ಕೇಳುತ್ತಿತ್ತು. ಕೊಟ್ಟೆ. ಬಂತು. ಕೊಟ್ಟೆ. ಬಂತು.

ಆ ದಿನ ಆಸ್ಪತ್ರೆಯಿಂದ ಕಂಬಳಿಗಳು ಬಂದಿದ್ದವು. ನೆನೆದ ಕಂಬಳಿ ಹೆಣಭಾರ, ಹಿಂಡಲು ಮೂರ್ನಾಲ್ಕು ಜನ ಬೇಕು. ಬಾಯ್ಲರಿನವನು ‘ಚಿಕ್ಕೀ, ಒಂದು ಕೈ ಹಾಕು ಬಾ’ ಎಂದು ಕೂಗಿದ. ಚಿಕ್ಕಿ ಕಂಕುಳಲ್ಲಿದ್ದ ಬಟಾಣಿಯನ್ನು ಅಕ್ಕನ ಕಾಲ ಬಳಿ ಇಳಿಸಿ, ‘ಅಕ್ಕಾ, ಇಲ್ಲಿದಾನೆ’ ಎಂದಳು. ಅಕ್ಕ ತಲೆಯಾಡಿಸಿದಳು. ತಲೆಯಾಡಿಸಿದ್ದು ಎಂದು ಚಿಕ್ಕಿ ಕಂಡದ್ದು. ಅಕ್ಕ ಆಮೇಲೆ ಹೇಳಿದ್ದು ಬೇರೆ. ಮುಖದ ಮೇಲೆ ಬಿದ್ದ ಕೂದಲು ಕೊಡವಿದೆ ಅಷ್ಟೆ, ಬಾಯ್ಲರಿನ ಸದ್ದಿನಲ್ಲಿ ನನಗೇನೂ ಕೇಳಿಸಲಿಲ್ಲ ಎಂದಳು. ಇಬ್ಬರೂ ಸುಳ್ಳು ಹೇಳುವವರಲ್ಲ.

ಕಂಬಳಿ ಹಿಂಡಿ ಬಂದಾಗ ಅವನಿರಲಿಲ್ಲ.

‘ಎಲ್ಲೇ ಅವನು?’

‘ನಿನ್ ಹತ್ರ ಇದ್ನಲ್ಲಕ್ಕಾ.’

‘ನನ್ ಹತ್ರ? ನಿನ್ ಜೊತೆ ಬಂದ ಅಂದ್ಕೊಂಡೆ!’

ಮೊದಲು ತೆರೆದ ತೊಟ್ಟಿಗಳನ್ನೇ ನೋಡಿದರು. ಒಂದೊಂದರಲ್ಲೂ ಬರೀ ನೀರು ಕಂಡಾಗ ಒಂದೊಂದು ಉಸಿರು ಬಿಟ್ಟರು. ಆಮೇಲೆ ಬೀದಿಗೆ ಓಡಿದರು. ಗಾಡಿಗಳ ಕೆಳಗೆ, ಸೌದೆ ರಾಶಿಯ ಹಿಂದೆ, ಮೂಟೆಗಳ ಮಧ್ಯೆ ಹುಡುಕಿದರು. ಮೂಟೆಗಳ ಮಧ್ಯೆ ನಿದ್ದೆಹೋಗುವುದು ಅವನ ಅಭ್ಯಾಸ. ಎಲ್ಲಿ ಬಿಳಿ ಚಾದರ ಹಾಸಿದ್ದರೂ ಅದು ತನಗೇ ಹಾಸಿದ ಹಾಸಿಗೆ ಎಂದುಕೊಳ್ಳುತ್ತಿದ್ದ. ನೀಲಿ ತೊಟ್ಟಿಯ ಬಳಿ ಯಾರೂ ಸುಳಿಯಲಿಲ್ಲ. ಅದು ಮುಚ್ಚಿತ್ತಲ್ಲ.

ಭಾವ ಗಾಡಿಯನ್ನು ನಡುಬೀದಿಯಲ್ಲೇ ಬಿಟ್ಟು ಓಡಿ ಬಂದ. ನೀಲಿ ತೊಟ್ಟಿಯ ಪಕ್ಕ ಮಗುಚಿ ಹಾಕಿದ ಪೆಟ್ಟಿಗೆ ಅವನ ಕಣ್ಣಿಗೆ ಬಿತ್ತು. ಚಾದರದ ಒಂದು ಮೂಲೆಯಲ್ಲಿ ಇಟ್ಟಿಗೆ ಇರಲಿಲ್ಲ. ಅವನು ಚಾದರ ಕಿತ್ತೆಸೆದು ನೀರಿಗೆ ಕೈಹಾಕಿದ.

ಓಣಿಯ ತುದಿಮನೆಯ ನರ್ಸಮ್ಮನನ್ನು ಯಾರೋ ಕರೆತಂದರು. ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡಿ ನಿವೃತ್ತಿಯಾದವರು. ಬಟ್ಟೆ ಮಡಿಸುವ ಮೇಜಿನ ಮೇಲೆ ಬಟಾಣಿಯನ್ನು ಮಲಗಿಸಿ ಎದೆ ಒತ್ತಿದರು, ಬಾಯಿಗೆ ಉಸಿರು ಊದಿದರು, ಮತ್ತೆ ಒತ್ತಿದರು. ಅವರ ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕುತ್ತಿತ್ತು. ಕೊನೆಗೆ ಅವರ ಕೈ ನಿಂತಿತು. ಬಟಾಣಿಯ ಅಂಗೈಗಳು ತಿಳಿನೀಲಿಯಾಗಿದ್ದವು. ಅದು ನೀರಿನ ಬಣ್ಣವೋ ಸಾವಿನದೋ ಎಂದು ಚಿಕ್ಕಿಗೆ ಇವತ್ತಿಗೂ ಗೊತ್ತಿಲ್ಲ. ಆ ಮೇಜು ಈಗಲೂ ಅಲ್ಲೇ ಇದೆ. ಮಡಿಸಿದ ಚಾದರಗಳನ್ನು ಅದರ ಮೇಲೆಯೇ ಇಡುತ್ತಾರೆ.

ಮಣ್ಣು ಮಾಡಿ ಬಂದ ಮೇಲೆ ಅಕ್ಕ ಗೋಡೆಗೆ ಒರಗಿ ಕೂತಿದ್ದಳು. ಹೊಟ್ಟೆಯಲ್ಲಿ ಆಗಲೇ ಪಾಪು ಇತ್ತು. ಅವಳು ಯಾರ ಮುಖವನ್ನೂ ನೋಡದೆ ಹೇಳಿದಳು: ‘ಮೂಟೆಗಾದ್ರೂ ಬಂತು ಅಂತೀವಿ. ನನ್ನ ಮಗನಿಗೆ ಯಾರೂ ಏನೂ ಅನ್ನಲಿಲ್ಲ.’

ಚಿಕ್ಕಿಗೆಂದು ಅವಳಾಡಿದ ಕೊನೆಯ ಮಾತು ಅದು. ಮನೆಯಿಂದ ಹೊರಗೆ ಹಾಕಲಿಲ್ಲ, ಬೈಯಲಿಲ್ಲ. ಒಂದೇ ಕೋಣೆ, ಒಂದೇ ಒಲೆ. ‘ಊಟ ಇದೆ’ ಎಂದು ಗೋಡೆಗೆ ಹೇಳುತ್ತಿದ್ದಳು. ‘ನೀರು ಖಾಲಿ’ ಎಂದು ಕೊಡಕ್ಕೆ ಹೇಳುತ್ತಿದ್ದಳು. ಚಿಕ್ಕಿ ಉಣ್ಣುತ್ತಿದ್ದಳು, ನೀರು ತರುತ್ತಿದ್ದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ಅವಳಿಗೆ ಅನಿಸುತ್ತಿತ್ತು. ಬೈಗುಳಕ್ಕೆ ಅಳಬಹುದು, ಗೋಡೆಯ ಜೊತೆ ಆಡಿದ ಮಾತಿಗೆ ಏನು ಮಾಡುವುದು?

*

ಊರಿನ ಸೇವಾ ಕ್ಲಬ್ಬಿನ ಮೇಜುವಸ್ತ್ರಗಳು ಅದೇ ಲಾಂಡ್ರಿಗೆ ಬರುತ್ತಿದ್ದವು. ಕ್ಲಬ್ಬೆಂದರೆ ದೊಡ್ಡ ಜನವೇನಲ್ಲ. ಅಂಗಡಿಯವರು, ನಿವೃತ್ತಿಯಾದವರು, ಒಬ್ಬಿಬ್ಬರು ಮೇಷ್ಟ್ರುಗಳು. ಅಧ್ಯಕ್ಷರದು ಪೇಂಟಿನ ಅಂಗಡಿ. ಹಾಗಾಗಿ ಕ್ಲಬ್ಬು ಊರಿಗೆ ಏನು ಕೊಟ್ಟರೂ ಅದಕ್ಕೆ ಅಂಗಡಿಯಲ್ಲಿ ಮಿಕ್ಕಿದ ಬಣ್ಣ. ಬಸ್ ನಿಲ್ದಾಣದ ಬೆಂಚುಗಳೆಲ್ಲ ಅವರೇ ಕೊಟ್ಟವು. ಕೂರುವ ಜಾಗಕ್ಕಿಂತ ಕ್ಲಬ್ಬಿನ ಹೆಸರೇ ದೊಡ್ಡದಿತ್ತು.

ಬಟಾಣಿ ಹೋಗಿ ಕೆಲವು ವಾರಗಳಾಗಿದ್ದವು. ಚಿಕ್ಕಿ ಒಗೆದ ಮೇಜುವಸ್ತ್ರ ಹೊತ್ತು ಹೋದಾಗ ಕ್ಲಬ್ಬಿನ ಹಾಲಿನಲ್ಲಿ ಸಭೆ ನಡೆಯುತ್ತಿತ್ತು. ಒಳಗೆ ಹೋಗಲು ನಾಚಿಕೆಯಾಗಿ ಬಾಗಿಲ ಮರೆಯಲ್ಲೇ ನಿಂತಳು. ನರ್ಸಮ್ಮನೂ ಆ ಕ್ಲಬ್ಬಿನ ಸದಸ್ಯೆ ಎಂದು ಅವಳಿಗೆ ತಿಳಿದದ್ದೇ ಆಗ.

‘ಈ ವರ್ಷ ಬೆಂಚು ಬೇಡ’ ಎಂದರು ನರ್ಸಮ್ಮ.

‘ಬೆಂಚಿಗೇನಾಗಿದೆ? ಜನ ಕೂರ್ತಾರಲ್ಲ’ ಎಂದರು ಅಧ್ಯಕ್ಷರು.

‘ಕೂರ್ತಾರೆ. ಏಳುವಾಗ ಬೆನ್ನ ಮೇಲೆ ನಿಮ್ಮ ಹೆಸರು ಹೊತ್ಕೊಂಡು ಹೋಗ್ತಾರೆ. ಹೋದ ಸಲದ್ದು ಇನ್ನೂ ಒಣಗಿಲ್ಲ.’

ಎಲ್ಲರೂ ನಕ್ಕರು, ಅಧ್ಯಕ್ಷರೂ ನಕ್ಕರು. ನರ್ಸಮ್ಮ ನಗಲಿಲ್ಲ.

‘ನಾನು ಮಕ್ಕಳ ವಾರ್ಡಿನಲ್ಲೇ ತಲೆ ಬೆಳ್ಳಗೆ ಮಾಡ್ಕೊಂಡವಳು. ಅಲ್ಲಿ ಕಣ್ಣು ಮುಚ್ಚಿದ ಮಕ್ಕಳಿಗೆಲ್ಲ ದೊಡ್ಡ ದೊಡ್ಡ ರೋಗ ಇತ್ತು ಅಂದ್ಕೋಬೇಡಿ. ಭೇದಿ ಜಾಸ್ತಿಯಾಗುತ್ತೆ ಅಂತ ನೀರೇ ಕೊಡದೆ ಒಣಗಿಸಿದ್ದ ಮಕ್ಕಳು. ಉಸಿರಾಡೋವಾಗ ಪಕ್ಕೆ ಎಳೀತಿದ್ರೂ ನಾಳೆ ನೋಡೋಣ ಅಂತ ಮಲಗಿಸಿದ್ದ ಮಕ್ಕಳು. ನೀರಿಗೆ ಬಿದ್ದವು, ಬೆಂಕಿಗೆ ಬಿದ್ದವು. ಅವರ ಅಪ್ಪ ಅಮ್ಮ ಕೆಟ್ಟವರಲ್ಲ. ಕೆಲಸಕ್ಕೆ ಹೋಗೋರು. ಎರಡು ಕೈ ತೊಟ್ಟಿಯಲ್ಲಿದ್ರೆ ಮಗೂನ ಹಿಡಿಯೋಕೆ ಮೂರನೇ ಕೈ ಎಲ್ಲಿಂದ ತರ್ತಾರೆ?’

ನರ್ಸಮ್ಮ ಮುಂದುವರಿಸಿದರು: ‘ಈ ಹಾಲಿನ ಹಿಂದೆ ಒಂದು ಕೋಣೆ ಇದೆ. ಏನಿದೆ ಅದರಲ್ಲಿ?’

‘ಹಳೇ ಬ್ಯಾನರುಗಳು’ ಎಂದರು ಯಾರೋ.

‘ಅದನ್ನ ಖಾಲಿ ಮಾಡಿ. ಬಾಗಿಲಿಗೆ ಮಕ್ಕಳು ದಾಟದ ಹಾಗೆ ಒಂದು ಅರ್ಧ ಗೇಟು ಹಾಕ್ಸಿ. ನೋಡ್ಕೊಳ್ಳೋಕೆ ಇಬ್ಬರನ್ನ ಇಡಿ. ತೊಟ್ಟಿ ಕೆಲಸ ಶುರುವಾದಾಗಿಂದ ಊಟದ ಹೊತ್ತಿನ ತನಕ, ಅಷ್ಟೇ. ಓಣಿ ಮಕ್ಕಳು ಆ ಹೊತ್ತು ಇಲ್ಲಿರಲಿ. ತೊಟ್ಟಿಗಳಿಗೆ ಮರದ ಮುಚ್ಚಳ ಮಾಡ್ಸಿ.’

ಅಧ್ಯಕ್ಷರು ಗಲ್ಲ ಕೆರೆದುಕೊಂಡರು. ‘ಮಾಡೋಣ ನರ್ಸಮ್ಮ, ಬೇಡ ಅನ್ನಲ್ಲ. ಆದ್ರೆ ವರ್ಷದ ಕೊನೇಲಿ ಇಂಥದ್ದು ಮಾಡಿದ್ವಿ ಅಂತ ತೋರಿಸ್ಬೇಕಲ್ಲ. ಬೆಂಚಾದ್ರೆ ಫೋಟೋ ತೆಗೀಬಹುದು. ಸಾಯದೇ ಇರೋ ಮಗೂನ ಹೇಗೆ ತೋರಿಸೋದು?’

ಅವರು ಕುಹಕದಿಂದ ಕೇಳಿದ್ದಲ್ಲ, ನಿಜಕ್ಕೂ ಗೊತ್ತಾಗದೆ ಕೇಳಿದ್ದು.

‘ತೋರಿಸೋಕಾಗಲ್ಲ’ ಎಂದರು ನರ್ಸಮ್ಮ. ‘ಅದರ ಪಾಡಿಗೆ ಅದು ಆಡ್ಕೊಂಡಿರುತ್ತೆ.’

ಆಗ ಅಧ್ಯಕ್ಷರ ಕಣ್ಣು ಬಾಗಿಲ ಮರೆಯಲ್ಲಿ ಮೇಜುವಸ್ತ್ರ ಎದೆಗವಚಿ ನಿಂತಿದ್ದ ಹುಡುಗಿಯ ಮೇಲೆ ಬಿತ್ತು. ಅವಳು ಯಾರೆಂದು ಅವರಿಗೆ ಗೊತ್ತಿತ್ತು. ಊರಿಗೇ ಗೊತ್ತಿತ್ತು. ಅವರು ತಲೆ ತಗ್ಗಿಸಿ ಉಗುರಿಗೆ ಅಂಟಿದ್ದ ಬಣ್ಣ ಕೆರೆಯುತ್ತ, ‘ಕೋಣೆ ಖಾಲಿ ಮಾಡ್ಸೋಣ’ ಎಂದರು.

ಮಾತಿಗೆ ತಪ್ಪುವವರಲ್ಲ ಅವರು. ಮುಚ್ಚಳಗಳನ್ನು ತಾವೇ ಗಾಡಿಯಲ್ಲಿ ಹೇರಿಸಿ ತಂದರು. ಒಂದು ಹಸಿರು, ಒಂದು ಹಳದಿ, ಒಂದಕ್ಕೆ ಬಣ್ಣ ಸಾಲದೆ ಅರ್ಧ ಕೆಂಪು ಅರ್ಧ ಕಂದು. ‘ಸರ್ಕಸ್ ಬಂದ ಹಾಗಿದೆ’ ಎಂದಳು ಇಸ್ತ್ರಿ ಅತ್ತೆ. ಅಧ್ಯಕ್ಷರು ನಗುತ್ತ ಅಕ್ಕನ ಮನೆಬಾಗಿಲಿಗೂ ಬಂದು, ಕೈಕಟ್ಟಿ ನಿಂತು ಕೇಳಿದರು: ಮಗುವಿನ ಹೆಸರನ್ನು ಆ ಕೋಣೆಗೆ ಇಡಬಹುದೇ, ಬಾಗಿಲ ಮೇಲೆ ಅವನದೊಂದು ಫೋಟೋ ಹಾಕಬಹುದೇ.

ಅಕ್ಕ ತಲೆಯೆತ್ತಿದಳು. ‘ನನ್ನ ಮಗ ಬೆಂಚಲ್ಲ’ ಎಂದಳು.

ಅವರ ಮುಖ ಸಪ್ಪಗಾಯಿತು. ಮೆಟ್ಟಿಲಿಳಿದು ಹೋದರು. ಆ ಕೋಣೆಗೆ ಇವತ್ತಿನ ತನಕ ಹೆಸರಿಲ್ಲ.

*

ಮಕ್ಕಳನ್ನು ನೋಡಿಕೊಳ್ಳುವ ಇಬ್ಬರಲ್ಲಿ ಒಬ್ಬಳು ಯಾರೆಂಬುದು ಮೊದಲೇ ತೀರ್ಮಾನವಾಗಿತ್ತು. ಕ್ಲಬ್ಬಿನ ಹಾಲು ಗುಡಿಸುವ ಅಜ್ಜಿ. ಕಿವಿ ಮಂದ, ಕಣ್ಣು ಚುರುಕು, ಹೆತ್ತು ಸಾಕಿ ಪಳಗಿದ ಜೀವ. ಇನ್ನೊಬ್ಬಳು ಯಾರು ಎಂದು ಓಣಿಯವರು ಕುತೂಹಲದಿಂದ ಇರುವಾಗ ನರ್ಸಮ್ಮ ಅಂಗಳಕ್ಕೇ ಬಂದು, ಎಲ್ಲರ ಎದುರಿಗೆ, ‘ಚಿಕ್ಕಿ, ನೀನು ಬಾ’ ಎಂದರು.

ಚಿಕ್ಕಿಯ ಕೈಯಲ್ಲಿದ್ದ ಬಟ್ಟೆ ಜಾರಿ ತೊಟ್ಟಿಗೆ ಬಿತ್ತು.

ಇಸ್ತ್ರಿ ಅತ್ತೆಯ ಇಸ್ತ್ರಿಪೆಟ್ಟಿಗೆ ಠಕ್ಕೆಂದು ನಿಂತಿತು. ‘ಯಾರ್ನ? ಇವಳ್ನಾ? ನರ್ಸಮ್ಮ, ನಿಮ್ಗೆ ಬುದ್ಧಿ ನೆಟ್ಟಗಿದೆ ತಾನೇ? ಯಾವ ತಾಯಿ ಕೊಡ್ತಾಳೆ ಇವಳ ಕೈಗೆ?’

‘ಕೊಡದಿದ್ರೆ ಬೇಡ. ಇವಳು ಬರಲಿ.’

‘ಇವಳೇ ಯಾಕೆ ಅಂತೀನಿ.’

‘ನಿನ್ನ ಕೈ ಒಂದ್ಸಲ ಸುಟ್ಟಿತ್ತಲ್ಲ, ಆಮೇಲೆ ಇಸ್ತ್ರಿ ನೆಟ್ಟಗೆ ಇಡೋದು ಮರೆತಿದ್ದೀಯಾ?’

ಅತ್ತೆ ಮತ್ತೆ ಇಸ್ತ್ರಿಪೆಟ್ಟಿಗೆ ಎತ್ತಿಕೊಂಡಳು. ಆದರೆ ಒಪ್ಪಿದ ಮುಖ ಅದಲ್ಲ. ಅಕ್ಕ ಆ ಕಡೆ ತಿರುಗಲೂ ಇಲ್ಲ, ಹೊಟ್ಟೆಯ ಮೇಲೆ ಒಂದು ಕೈಯಿಟ್ಟುಕೊಂಡು ಇನ್ನೊಂದು ಕೈಯಿಂದ ಜಾಲಿಸುತ್ತಲೇ ಇದ್ದಳು. ಗಾಡಿಯ ಬಳಿ ನಿಂತಿದ್ದ ಭಾವ ಮಾತ್ರ ತಗ್ಗಿದ ದನಿಯಲ್ಲಿ ‘ಹೋಗು’ ಎಂದ. ಹಿಂದೆ ಮಾತಿಗೊಂದು ತಮಾಷೆ ಹೊಸೆಯುತ್ತಿದ್ದ ಮನುಷ್ಯ. ಈಗ ಒಂದೊಂದು ಮಾತನ್ನೂ ಮೂಟೆಯ ಹಾಗೆ ಕಷ್ಟಪಟ್ಟು ಎತ್ತುತ್ತಿದ್ದ.

ನರ್ಸಮ್ಮ ಒಂದು ರಬ್ಬರಿನ ಗೊಂಬೆ ತಂದಿದ್ದರು. ಎದೆಯ ಮೇಲೆ ಎಲ್ಲಿ ಕೈಯಿಡಬೇಕು, ಎಷ್ಟು ಒತ್ತಬೇಕು ಎಂದು ತೋರಿಸಿದರು. ಅಜ್ಜಿ ಹಾಡುತ್ತಲೇ ಒತ್ತಿದಳು. ಚಿಕ್ಕಿಯ ಕೈ ಗೊಂಬೆಯ ತನಕ ಹೋಗಿ ನಿಂತಿತು. ಗೊಂಬೆಯ ಅಂಗೈ ನೋಡಿದಳು. ಗುಲಾಬಿ ಬಣ್ಣ. ಆಮೇಲೆ ಒತ್ತತೊಡಗಿದಳು, ಒತ್ತುತ್ತಲೇ ಇದ್ದಳು. ‘ಸಾಕಮ್ಮ’ ಎಂದು ನರ್ಸಮ್ಮ ಅವಳ ಹೆಗಲು ಹಿಡಿಯಬೇಕಾಯಿತು.

ಭೇದಿಯಾದ ಮಗುವಿಗೆ ಉಪ್ಪು ಸಕ್ಕರೆ ನೀರನ್ನು ಚಮಚದಲ್ಲಿ ಹೇಗೆ ಕುಡಿಸುತ್ತಿರಬೇಕು, ಉಸಿರಾಡುವಾಗ ಪಕ್ಕೆ ಗುಳಿ ಬಿದ್ದರೆ ಕಾಯದೆ ಆಸ್ಪತ್ರೆಗೆ ಹೇಗೆ ಓಡಬೇಕು, ಎಲ್ಲ ಕಲಿಸಿದರು. ಕ್ಲಬ್ಬಿನವರಲ್ಲಿ ಒಬ್ಬರು ತಮ್ಮ ವ್ಯಾನು ಆ ಹೊತ್ತು ಹಾಲಿನ ಎದುರೇ ನಿಲ್ಲಿಸಿರುವುದಾಗಿ ಹೇಳಿದರು. ಕೊನೆಯಲ್ಲಿ ನರ್ಸಮ್ಮ ಗೇಟಿನ ಬಳಿ ನಿಂತು ಹೇಳಿದರು: ‘ಒಂದು ನಿಯಮ. ಇಲ್ಲಿ ಮಗೂನ ನೆಲಕ್ಕೆ ಬಿಟ್ಟು ಹೋಗೋ ಹಾಗಿಲ್ಲ. ಕೈಯಿಂದ ಕೈಗೆ ಕೊಡಬೇಕು. ಕೊಡೋರು ಕೊಟ್ಟೆ ಅನ್ಬೇಕು, ತಗೊಳ್ಳೋರು ಬಂತು ಅನ್ಬೇಕು. ನಿಮ್ಮ ಗಾಡಿಯವನು ಕೂಗೋದನ್ನ ದಿನಾ ಕೇಳ್ತೀನಲ್ಲ. ಮೂಟೆಗಿರೋ ಮರ್ಯಾದೆ ಮಕ್ಕಳಿಗೂ ಇರಲಿ.’

ಅಕ್ಕ ಗೋಡೆಗೊರಗಿ ಆಡಿದ್ದ ಮಾತು ಅವರಿಗೆ ಗೊತ್ತಿರಲಿಲ್ಲ. ಚಿಕ್ಕಿ ಗೇಟಿನ ಸರಳು ಹಿಡಿದು ನಿಂತಳು.

ಮೊದಮೊದಲು ಬಂದ ತಾಯಂದಿರು ಚಿಕ್ಕಿಯನ್ನು ದಾಟಿ ಅಜ್ಜಿಯ ಕೈಗೇ ಕೊಡುತ್ತಿದ್ದರು. ಅಜ್ಜಿ ಹಿತ್ತಲಿಗೆ ಹೋಗಿದ್ದರೆ ಬರುವ ತನಕ ಮಗುವನ್ನು ಅವಚಿಕೊಂಡು ಹೊಸ್ತಿಲಲ್ಲೇ ನಿಂತಿರುತ್ತಿದ್ದರು. ಚಿಕ್ಕಿ ಚಾಚಿದ ಕೈಯನ್ನು ಮೆಲ್ಲಗೆ ಹಿಂದಕ್ಕೆ ತಗೊಂಡು ಲಂಗಕ್ಕೆ ಒರೆಸಿಕೊಳ್ಳುತ್ತಿದ್ದಳು, ಕೈ ಒದ್ದೆಯಾಗಿದ್ದಕ್ಕೇ ಕೊಡಲಿಲ್ಲವೇನೋ ಎಂಬ ಹಾಗೆ. ಆದರೆ ಒಳಗೆ ಬಂದ ಮಕ್ಕಳಿಗೆ ಇದೆಲ್ಲ ಗೊತ್ತಿಲ್ಲವಲ್ಲ. ಅವು ಅವಳ ಬೆನ್ನೇರಿದವು, ಜಡೆ ಎಳೆದವು, ಮಡಿಲಲ್ಲಿ ಉಚ್ಚೆ ಹೊಯ್ದವು.

ಮೊದಲು ಕೊಟ್ಟವಳು ಇಸ್ತ್ರಿ ಅತ್ತೆಯೇ. ಅವಳ ಮೊಮ್ಮಗ ಗುಂಡ ಒಂದು ದಿನ ವಯರು ಎಳೆದು, ಕಾದ ಇಸ್ತ್ರಿಪೆಟ್ಟಿಗೆ ಅವನ ತಲೆಗೆ ಒಂದು ಬೆರಳು ತಪ್ಪಿ ನೆಲಕ್ಕೆ ಬಿತ್ತು. ಅತ್ತೆ ಅವನನ್ನು ಎತ್ತಿಕೊಂಡು ಏದುಸಿರು ಬಿಡುತ್ತ ಗೇಟಿಗೆ ಬಂದಳು. ಅಜ್ಜಿ ಒಳಗಿದ್ದಳು. ಅತ್ತೆ ಕಾಯಲಿಲ್ಲ.

‘ತಗೋ. ನೆಟ್ಟಗಿದ್ದಾನೆ, ಮೂಗು ಮಾತ್ರ ಸೋರ್ತಿದೆ. ಹೇಗೆ ಕೊಟ್ನೋ ಹಾಗೇ ವಾಪಸ್ ಕೊಡು. ಮೂಗು ಒರೆಸಿ ಕೊಟ್ರೂ ಬೇಜಾರಿಲ್ಲ.’ ಅವನ ಭಾರ ಚಿಕ್ಕಿಯ ತೋಳಿಗೆ ಬಂದಿತ್ತು, ಆದರೆ ಅತ್ತೆಯ ಕೈ ಇನ್ನೂ ಬಿಟ್ಟಿರಲಿಲ್ಲ. ಅವಳು ಚಿಕ್ಕಿಯ ಮುಖವನ್ನೇ ನೋಡಿದಳು. ‘ಕೊಟ್ಟೆ, ಚಿಕ್ಕಿ.’

ನರ್ಸಮ್ಮನನ್ನು ಬಿಟ್ಟರೆ, ಬಹಳ ದಿನದ ಮೇಲೆ ಓಣಿಯವರ ಬಾಯಿಂದ ಬಂದ ಹೆಸರು. ಚಿಕ್ಕಿ ಅತ್ತೆಯ ಬಾಯಿಯನ್ನೇ ನೋಡುತ್ತ ನಿಂತಳು.

‘ಏನೇ, ಬಂತು ಅನ್ನು! ನಾನು ಹೀಗೇ ನಿಂತ್ರೆ ಅಲ್ಲಿ ಆಸ್ಪತ್ರೆ ಚಾದರ ಕರಕಲಾಗುತ್ತೆ.’

‘ಬಂತು’ ಎಂದಳು ಚಿಕ್ಕಿ.

ಅಲ್ಲಿಂದ ಒಬ್ಬೊಬ್ಬರಾಗಿ ಕೊಟ್ಟರು. ಬಾಯ್ಲರಿನವನ ಮಗಳಿಗೆ ಒಂದು ದಿನ ನೀರುನೀರಾಗಿ ಭೇದಿ ಶುರುವಾಯಿತು. ಚಿಕ್ಕಿ ಅವಳನ್ನು ಮಡಿಲಲ್ಲಿಟ್ಟುಕೊಂಡು, ಉಪ್ಪು ಸಕ್ಕರೆ ನೀರನ್ನು ಚಮಚ ಚಮಚವಾಗಿ ಊಟದ ಹೊತ್ತಿನ ತನಕ ಕುಡಿಸುತ್ತಲೇ ಇದ್ದಳು. ‘ನೀರು ಕೊಟ್ರೆ ಇನ್ನೂ ಜಾಸ್ತಿಯಾಗುತ್ತೆ’ ಎಂದು ತಾಯಿ ಗೇಟಿನಲ್ಲಿ ನಿಂತು ಗೊಣಗಿದಾಗ, ಯಾವತ್ತೂ ಎದುರು ಮಾತಾಡದ ಚಿಕ್ಕಿ ‘ಕೊಡದಿದ್ರೆ ಮಗು ಒಣಗಿಹೋಗುತ್ತೆ’ ಎಂದಳು. ಮಗು ಸಂಜೆಗೆ ಎದ್ದು ಕೂತಿತು. ಅದೇನೂ ಊರಲ್ಲಿ ಸುದ್ದಿಯಾಗಲಿಲ್ಲ. ಏನೂ ಆಗದಿದ್ದರೆ ಸುದ್ದಿ ಎಲ್ಲಿಂದ ಬರಬೇಕು? ಅಧ್ಯಕ್ಷರು ವರ್ಷದ ಕೊನೆಯಲ್ಲಿ ಫೋಟೋ ತೆಗೆಸಲು ಬಂದರು. ಮಕ್ಕಳು ಒಂದು ಕಡೆ ನಿಲ್ಲಲಿಲ್ಲ, ಫೋಟೋದಲ್ಲಿ ಎಲ್ಲ ಮಸುಕುಮಸುಕಾಗಿ ಬಂದವು. ಅವರು ಅದನ್ನೇ ಹಾಲಿನಲ್ಲಿ ತೂಗುಹಾಕಿಸಿದರು.

ಓಣಿಯ ಮಕ್ಕಳೆಲ್ಲ ಆ ಗೇಟು ದಾಟಿ ಒಳಗೆ ಬಂದರು. ಪಾಪು ಮಾತ್ರ ಬರಲಿಲ್ಲ.

ಪಾಪು ಹುಟ್ಟಿದಾಗ ಚಿಕ್ಕಿಯೂ ಅದೇ ಕೋಣೆಯಲ್ಲಿದ್ದಳು, ಬಿಸಿನೀರು ಕೊಟ್ಟವಳೂ ಅವಳೇ. ಆದರೆ ಅಕ್ಕ ಮಗುವನ್ನು ಅವಳ ಕೈಗೆ ಕೊಡಲಿಲ್ಲ. ಮಲಗಿದ್ದಾಗ ನೋಡಬಹುದು, ಎತ್ತಿಕೊಳ್ಳುವಂತಿಲ್ಲ. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಚಿಕ್ಕಿ ಎದ್ದು ತೊಟ್ಟಿಲ ಕಡೆ ಹೆಜ್ಜೆಯಿಟ್ಟರೆ ಅಕ್ಕ ಮೊದಲೇ ಅಲ್ಲಿರುತ್ತಿದ್ದಳು. ಕೂಸು ಅಂಬೆಗಾಲಿಕ್ಕಿದಾಗ ಪಟ್ಟಿ ಬಂತು. ತೊಟ್ಟಿಗಳಿಗೆ ಬಣ್ಣದ ಮುಚ್ಚಳಗಳಿದ್ದವು, ನಿಜ. ಆದರೆ ಕೆಲಸದ ಭರದಲ್ಲಿ ಪ್ರತಿ ಬಟ್ಟೆಗೂ ಮುಚ್ಚಳ ತೆಗೆದು ಹಾಕುವವರು ಯಾರು? ಗೋಡೆಗೆ ಒರಗಿಸಿಡುತ್ತಿದ್ದರು. ನರ್ಸಮ್ಮ ಬಂದಾಗ ಮಾತ್ರ ದಡದಡನೆ ಮುಚ್ಚುತ್ತಿದ್ದರು.

‘ಆ ಪಟ್ಟಿ ಎಷ್ಟು ದಿನ?’ ಎಂದು ಒಮ್ಮೆ ನರ್ಸಮ್ಮ ಅಕ್ಕನನ್ನು ಕೇಳಿದರು.

‘ನಾನಿರೋ ತನಕ’ ಎಂದಳು ಅ‌ಕ್ಕ.

ಚಿಕ್ಕಿಯ ದಿನ ಹೀಗೇ ಸಾಗುತ್ತಿತ್ತು. ಬೆಳಿಗ್ಗೆ ಊರಿನ ಮಕ್ಕಳೆಲ್ಲ ಅವಳ ತೋಳಿನಲ್ಲಿ. ಮಧ್ಯಾಹ್ನದ ಮೇಲೆ ಅಕ್ಕನ ಜೊತೆ ಚಾದರ ಮಡಿಸುವುದು. ಬರುವುದು, ತುದಿ ಒಪ್ಪಿಸುವುದು, ಹಿಂದೆ ಹೋಗುವುದು. ಒಂದೊಂದು ಸಲ ತುದಿ ಒಪ್ಪಿಸುವಾಗ ‘ಕೊಟ್ಟೆ’ ಎಂಬ ಮಾತು ನಾಲಗೆ ತುದಿಗೆ ಬರುತ್ತಿತ್ತು. ನುಂಗಿಕೊಳ್ಳುತ್ತಿದ್ದಳು. ಅಕ್ಕ ಏನೂ ಅನ್ನದಿದ್ದರೆ ತಡೆದುಕೊಳ್ಳುವುದು ಹೇಗೆ?

*

ಚಾದರ ಮಡಿಸುವಾಗ ಪಾಪು ಅವಳ ಕಡೆ ಕೈಚಾಚಿ ನಕ್ಕಿತಲ್ಲ, ಅದರ ಮರುದಿನದ ಬೆಳಿಗ್ಗೆ.

ಕೋಣೆಯಲ್ಲಿ ಅಜ್ಜಿಯ ಎರಡೂ ತೊಡೆಯ ಮೇಲೆ ಒಂದೊಂದು ಮಗು ನಿದ್ದೆಹೋಗಿತ್ತು, ಅವಳು ಅಲುಗಾಡುವಂತಿರಲಿಲ್ಲ. ಚಿಕ್ಕಿ ಗುಂಡನ ಮೂಗು ಒರೆಸುತ್ತಿದ್ದಳು. ಅಂಗಳದ ಕಡೆಯಿಂದ ಯಾರೋ ಕಿರುಚಿದ್ದು ಕೇಳಿತು. ಒಂದೇ ಕಿರುಚು. ಆಮೇಲೆ ಬಾಯ್ಲರಿನ ಸದ್ದು ಮಾತ್ರ. ಚಿಕ್ಕಿಯ ಕಾಲುಗಳು ಓಡಲು ಹೊರಟವು, ಕೈ ಬಿಡಲಿಲ್ಲ. ಅವಳ ಲೆಕ್ಕಕ್ಕೆ ಬಂದ ಮಕ್ಕಳು ಒಳಗಿದ್ದವು. ಗೇಟಿಗೆ ಅಂಟಿಕೊಂಡು ನಿಂತಳು.

ಓಣಿಯಲ್ಲಿ ಅಕ್ಕ ಬರುತ್ತಿದ್ದಳು. ಓಡುತ್ತಿರಲಿಲ್ಲ, ನಡೆಯುತ್ತಿದ್ದಳು, ಕಣ್ಣು ಕಾಣದವರ ಹಾಗೆ ಗೋಡೆ ಸವರಿಕೊಂಡು. ಸೊಂಟದ ಮೇಲೆ ಪಾಪು. ಪಾಪು ಸುಮ್ಮನೆ ಬೆರಳು ಚೀಪುತ್ತಿತ್ತು. ಅದರ ಅಂಗಿ ಮುಂಭಾಗ ಎದೆಯ ತನಕ ಒದ್ದೆಯಾಗಿತ್ತು. ಒದ್ದೆಯಾದಷ್ಟೂ ತಿಳಿನೀಲಿ. ಅಕ್ಕನ ಸೊಂಟದಿಂದ ಪಟ್ಟಿ ನೆಲಕ್ಕೆ ಜೋತು ಧೂಳಿನಲ್ಲಿ ಎಳೆದುಕೊಂಡು ಬರುತ್ತಿತ್ತು. ಹರಿದಿರಲಿಲ್ಲ. ಮಗುವಿನ ಕಡೆಯ ಗಂಟು ಬಿಚ್ಚಿತ್ತು. ಪುಟ್ಟ ಬೆರಳುಗಳು ದಿನವೆಲ್ಲ ಆ ಗಂಟಿನ ಜೊತೆಯೇ ಆಡುತ್ತ ಅದನ್ನೂ ಕಲಿತುಬಿಟ್ಟಿದ್ದವು.

ಹಿಂದೆ ಬಂದ ಇಸ್ತ್ರಿ ಅತ್ತೆ ಎದೆಯ ಮೇಲೆ ಕೈಯಿಟ್ಟುಕೊಂಡು ಹೇಳಿದಳು: ‘ತೊಟ್ಟಿ ಅಂಚು ಹಿಡ್ಕೊಂಡು ಬಗ್ಗಿತ್ತು ಚಿಕ್ಕಿ. ಕಾಲು ಮೇಲಕ್ಕೆದ್ದಿತ್ತು. ಇವಳು ತಿರುಗಿ ನೋಡಿದ್ಳು, ಸದ್ಯ.’

ಅಕ್ಕ ಗೇಟಿನ ಹೊರಗೆ ಬಂದು ನಿಂತಳು. ಅರ್ಧ ಗೇಟು, ಅವಳ ಸೊಂಟದಷ್ಟೆತ್ತರ. ಈಚೆ ಚಿಕ್ಕಿ. ಚಾದರ ಮಡಿಸುವಾಗ ನಡುವೆ ಬಂದು ಕೂಡುವಷ್ಟೇ ಹತ್ತಿರ. ಅಕ್ಕನ ಕಣ್ಣು ಎಷ್ಟೋ ದಿನದ ಮೇಲೆ ತಂಗಿಯ ಮುಖದ ಮೇಲೆ ಬಂತು. ಮುಖದಿಂದ ಕೈಗಿಳಿಯಿತು. ಕೈಯಿಂದ ಒಳಗಿನ ಕೋಣೆಗೆ ಹೋಯಿತು. ಅಲ್ಲಿ ನೆಲದ ಮೇಲೆ ಬಿಳಿ ಚಾದರ ಹಾಸಿತ್ತು, ಮಕ್ಕಳು ಅದರ ಮೇಲೆ ಉರುಳಾಡುತ್ತಿದ್ದವು. ಅಕ್ಕ ಆ ಚಾದರವನ್ನೇ ನೋಡುತ್ತ ನಿಂತಳು. ಪಾಪುವನ್ನು ಹಿಡಿದ ಕೈಯ ಬೆರಳುಗಳು ಬಿಳಿಚಿಕೊಂಡಿದ್ದವು.

ಬೀದಿಯ ತಿರುವಿನಲ್ಲಿ ಗಾಡಿ ನಿಂತಿತ್ತು. ಭಾವ ಅದರ ಪಕ್ಕ ನಿಂತಿದ್ದ, ಕೈಯಲ್ಲಿ ಒಂದು ಮೂಟೆ. ಎತ್ತಿದ್ದನ್ನು ಕೊಡಲೂ ಇಲ್ಲ, ಇಳಿಸಲೂ ಇಲ್ಲ.

ಪಾಪು ಬಾಯಿಂದ ಬೆರಳು ತೆಗೆದು ಚಿಕ್ಕಮ್ಮನ ಕಡೆ ವಾಲಿತು.

ಚಿಕ್ಕಿ ಕೈ ಒರೆಸಿಕೊಂಡಳು. ಒಣಗಿದ್ದ ಕೈಯೇ. ಎರಡೂ ಕೈಗಳನ್ನು ಗೇಟಿನ ಮೇಲಿಂದ ಚಾಚಿದಳು.

‘ಅಕ್ಕಾ, ಮಗೂನ ಕೊಡು.’

ಬಾಯ್ಲರು ಬುಸುಗುಡುತ್ತಿತ್ತು. ಗುಂಡ ಅವಳ ಲಂಗ ಹಿಡಿದು ಜಗ್ಗಿದ, ಅವಳು ತಿರುಗಲಿಲ್ಲ.

‘ಕೊಡಕ್ಕಾ.’